ಸಹಾಯ ಬೇಕು: ‘ರನ್’ ಪದದ ಅರ್ಥಗಳನ್ನು ಮಕ್ಕಳಿಗೆ ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಸಂಜೆ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ರನ್’ ಅಂದರೆ ಓಡು ಅಂತಷ್ಟೇ ಕಲಿತ ಹುಡುಗಿಯೊಬ್ಬಳು ‘ಅವನ ಮೂಗು ಓಡುತ್ತಿದೆ’ ಅಂತ ಬರೆದಿದ್ದಾಳೆ. ತಪ್ಪು ಅವಳದಲ್ಲ. ಮೂಗು ಸೋರಿದರೂ ರನ್, ಅಂಗಡಿ ನಡೆಸಿದರೂ ರನ್, ಚುನಾವಣೆಗೆ ನಿಂತರೂ ರನ್! ‘ಸೆಟ್’ ಪದಕ್ಕಂತೂ 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ 430 ಅರ್ಥಗಳಿವೆ. ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ನಮ್ಮಲ್ಲೂ ಮಳೆ ಹಿಡಿಯುತ್ತದೆ, ಶೀತ ಹಿಡಿಯುತ್ತದೆ, ಬಸ್ಸೂ ಹಿಡಿಯುತ್ತೇವೆ ಅಲ್ವಾ? ಅಲ್ಲಿಂದ ಶುರು ಮಾಡಿದರೆ ಮಕ್ಕಳ ತಲೆಗೆ ಬೇಗ ಹತ್ತುತ್ತದೆ.

ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್-ಕನ್ನಡ ನಿಘಂಟು ಯಾರ ಮನೆಯಲ್ಲಾದರೂ ಸುಮ್ನೆ ಬಿದ್ದಿದ್ದರೆ ಕೊಡುತ್ತೀರಾ? ಹಳೆಯದಾದರೂ ಪರವಾಗಿಲ್ಲ. ಶಿವಮೊಗ್ಗ, ಸಾಗರ, ಎಲ್ಲಿದ್ದರೂ ಬಂದು ತಗೊಂಡು ಹೋಗುತ್ತೇನೆ. ಗುಂಪಿನಲ್ಲಿರುವ ಮೇಷ್ಟ್ರುಗಳು, ಟೀಚರ್‌ಗಳು ಇದನ್ನು ಹೇಗೆ ಕಲಿಸುತ್ತೀರಿ ಅಂತ ದಯವಿಟ್ಟು ತಿಳಿಸಿ.