ಪೈಟೆಸ್ಟ್‌ನಲ್ಲಿ ಸ್ಲೋ, ಸ್ಕಿಪ್ ಮಾರ್ಕ್‌ಗಳನ್ನು ಹೇಗೆ ಬಳಸುತ್ತೀರಿ? ಅನುಭವ ಹೇಳಿ

ಪ್ರಶ್ನೆ: ನಮ್ಮದು ಪೈಥಾನ್ ಪ್ರಾಜೆಕ್ಟ್, ಟೆಸ್ಟ್ ಓಡಿಸುವುದು ಪೈಟೆಸ್ಟ್ ಅನ್ನುವ ಟೂಲ್‌ನಿಂದ. ಎಲ್ಲಾ ಟೆಸ್ಟ್ ಓಡಿಸಿದರೆ ಊಟ ಮುಗಿಸಿ ಬಂದರೂ ಮುಗಿದಿರಲ್ಲ. ಡೇಟಾಬೇಸ್ ಮುಟ್ಟುವ ಟೆಸ್ಟ್‌ಗಳದ್ದೇ ಕಾಟ ಜಾಸ್ತಿ. ಇನ್ನು ಕೆಲವು, ಗೊತ್ತಿರುವ ಬಗ್‌ನಿಂದಾಗಿ ದಿನಾ ಕೆಂಪು, ಅಂದರೆ ಫೇಲ್. ನಿಧಾನದವಕ್ಕೆ ಸ್ಲೋ, ಓಡಿಸಬಾರದವಕ್ಕೆ ಸ್ಕಿಪ್ ಅಂತ ಮಾರ್ಕ್ (ಗುರುತು) ಹಾಕಿ ಬೇರೆ ಮಾಡೋಣ ಅಂತಿದ್ದೇನೆ. ನೀವೆಲ್ಲ ಹೇಗೆ ಮಾಡಿದ್ದೀರಿ?

ಉತ್ತರ: ಅಂದಾಜಿನ ಮೇಲೆ ಮಾರ್ಕ್ ಹಾಕಬೇಡಿ. ಮೊದಲು ಡ್ಯುರೇಶನ್ಸ್ ಆಪ್ಶನ್‌ಗೆ 10 ಅಂತ ಕೊಟ್ಟು ಓಡಿಸಿ, ಎಲ್ಲಿ ಹೊತ್ತು ಹೋಗುತ್ತಿದೆ ಅಂತ ಸೆಟಪ್ (ಮುಂಚಿನ ತಯಾರಿ), ಕಾಲ್ (ಟೆಸ್ಟ್), ಟಿಯರ್‌ಡೌನ್ (ಆಮೇಲಿನ ಸ್ವಚ್ಛತೆ) ಬೇರೆ ಬೇರೆಯಾಗಿ ತೋರಿಸುತ್ತದೆ. ನಮ್ಮಲ್ಲಿ ಟೆಸ್ಟ್‌ಗಳು ಚುರುಕಾಗೇ ಇದ್ದವು, ಪ್ರತಿ ಟೆಸ್ಟ್‌ಗೂ ಡೇಟಾಬೇಸ್ ಹೊಸದಾಗಿ ಕಟ್ಟುವ ಫಿಕ್ಸ್ಚರ್ (ಟೆಸ್ಟ್‌ಗೆ ಬೇಕಾದ ತಯಾರಿ ಮಾಡುವ ಕೋಡ್) ಸಮಯ ತಿನ್ನುತ್ತಿತ್ತು. ಅದರ ಸ್ಕೋಪನ್ನು ಸೆಷನ್ ಮಾಡಿ (ಇಡೀ ಓಟಕ್ಕೆ ಒಂದೇ ಸಲ ಕಟ್ಟುವಂತೆ), ಪ್ರತಿ ಟೆಸ್ಟ್ ಆದಮೇಲೆ ಅದು ಮಾಡಿದ ಬದಲಾವಣೆಗಳನ್ನು ರೋಲ್‌ಬ್ಯಾಕ್ (ವಾಪಸ್) ಮಾಡಿದೆವು. ಅರ್ಧಕ್ಕರ್ಧ ಟೆಸ್ಟ್‌ಗೆ ಸ್ಲೋ ಮಾರ್ಕೇ ಬೇಕಾಗಲಿಲ್ಲ.

ಉತ್ತರ: ಮೇಲಿನವರು ಹೇಳಿದ್ದು ಸರಿ. ಜೊತೆಗೆ ಸ್ಟ್ರಿಕ್ಟ್ ಮಾರ್ಕರ್ಸ್ (ಬರೆದಿಡದ ಮಾರ್ಕ್ ಕಂಡರೆ ಎರರ್ ಕೊಡುವ ಆಪ್ಶನ್) ಆನ್ ಮಾಡಿ, ಬಳಸುವ ಮಾರ್ಕ್‌ಗಳನ್ನೆಲ್ಲ ಪೈಟೆಸ್ಟ್‌ನ ಕಾನ್ಫಿಗ್ ಫೈಲ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ಸ್ಮೋಕ್ (ಮುಖ್ಯ ಕೆಲಸ ನಡೆಯುತ್ತಾ ಅಂತ ಬೇಗ ನೋಡುವ ಟೆಸ್ಟ್‌ಗಳ ಮಾರ್ಕ್) ಅನ್ನುವಲ್ಲಿ ಯಾರೋ ಒಂದಕ್ಷರ ತಪ್ಪಿ ಟೈಪ್ ಮಾಡಿದರೂ ಬರೀ ವಾರ್ನಿಂಗ್ ಬರುತ್ತದೆ, ಅದನ್ನು ಯಾರು ಓದುತ್ತಾರೆ ಹೇಳಿ? ಸ್ಮೋಕ್ ಟೆಸ್ಟ್‌ಗಳನ್ನು ಮಾತ್ರ ಓಡಿಸುವ ಬಿಲ್ಡ್‌ನಲ್ಲಿ (ಕೋಡ್ ಕಟ್ಟಿ ಟೆಸ್ಟ್ ಮಾಡುವ ತಾನಾಗಿ ನಡೆಯುವ ಓಟ) ಆ ಟೆಸ್ಟ್ ಓಡುವುದೇ ಇಲ್ಲ, ಬಿಲ್ಡ್ ಮಾತ್ರ ಹಸಿರು.

ಉತ್ತರ: ಗೊತ್ತಿರುವ ಬಗ್‌ಗೆ ದಯವಿಟ್ಟು ಸ್ಕಿಪ್ ಹಾಕಬೇಡಿ, ಎಕ್ಸ್‌ಫೇಲ್ (ಇದು ಫೇಲ್ ಆಗುವುದು ಗೊತ್ತಿದೆ ಅನ್ನುವ ಮಾರ್ಕ್) ಹಾಕಿ. ಸ್ಕಿಪ್ ಹಾಕಿದ ಟೆಸ್ಟ್ ಓಡುವುದೇ ಇಲ್ಲ, ಹಾಗಾಗಿ ಬಗ್ ಸರಿಹೋದರೂ ಯಾರಿಗೂ ತಿಳಿಯಲ್ಲ. ಎಕ್ಸ್‌ಫೇಲ್ ಹಾಕಿದ್ದು ಓಡುತ್ತದೆ, ಫೇಲ್ ಆದರೆ ಬಿಲ್ಡ್ ಕೆಡಲ್ಲ. ಸ್ಟ್ರಿಕ್ಟ್ ಟ್ರೂ ಅಂತಲೂ ಕೊಡಿ, ಆಗ ಟೆಸ್ಟ್ ಪಾಸ್ ಆದ ದಿನ ಬಿಲ್ಡ್ ಕೆಂಪಾಗಿ, ಮಾರ್ಕ್ ಕಿತ್ತುಹಾಕಿ ಅಂತ ಅದೇ ನೆನಪಿಸುತ್ತದೆ. ಇನ್ನೊಂದು, ರೇಸಸ್ ಅನ್ನುವ ಆರ್ಗ್ಯುಮೆಂಟಿಗೆ ಯಾವ ಎರರ್ ಬರುತ್ತದೆ ಅಂತ ಹೇಳಿಡಿ. ವ್ಯಾಲ್ಯೂ ಎರರ್ ಅಂತ ಬರೆದಿದ್ದು, ನಾಳೆ ಇಂಪೋರ್ಟ್ ಎರರ್‌ನಿಂದ ಟೆಸ್ಟ್ ಬಿದ್ದರೆ ಅದು ನಿಜವಾದ ಫೇಲ್ ಅಂತಲೇ ಲೆಕ್ಕ. ರೀಸನ್‌ನಲ್ಲಿ ಟಿಕೆಟ್ ನಂಬರ್ ಇರಲಿ, "ಆಮೇಲೆ ನೋಡೋಣ" ಅಂತ ಬರೆದರೆ ಯಾರೂ ನೋಡಲ್ಲ.

ಆದರೆ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗೆ ಇದು ಮದ್ದಲ್ಲ. ಸ್ಟ್ರಿಕ್ಟ್ ಇಲ್ಲದೆ ಎಕ್ಸ್‌ಫೇಲ್ ಹಾಕಿದರೆ ಏನಾದರೂ ಸರಿ ಅಂತ ಒಪ್ಪಿಕೊಂಡಂತೆ, ಅಂಥ ಟೆಸ್ಟ್ ಸುಮ್ನೆ ಯಾಕೆ?

ಉತ್ತರ: ಜಾವಾದವರೂ ಇದನ್ನು ಓದುತ್ತಿರಬಹುದು ಅಂತ ಒಂದು ಮಾತು. ಜಾವಾದ ಟೆಸ್ಟ್ ಟೂಲ್ ಜೆಯುನಿಟ್ 4ರಿಂದ 5ಕ್ಕೆ ಹೋಗುವಾಗ ಇಂಪೋರ್ಟ್ ಸಾಲುಗಳನ್ನು ನೋಡಿಕೊಳ್ಳಿ. ಟೆಸ್ಟ್ ಅನ್ನುವ ಅನೋಟೇಶನ್ ಎರಡರಲ್ಲೂ ಒಂದೇ ಹೆಸರಿನಲ್ಲಿದೆ, ಪ್ಯಾಕೇಜ್ ಬೇರೆ. ಟೆಸ್ಟ್ ಸ್ಕಿಪ್ ಮಾಡಿಸುವ ಹಳೆಯ ಇಗ್ನೋರ್ ಅನೋಟೇಶನ್ 5ರ ಟೆಸ್ಟ್ ಮೇಲೆ ಉಳಿದಿದ್ದರೆ, ಮೈಗ್ರೇಶನ್ ಸಪೋರ್ಟ್ ಹಾಕದ ಹೊರತು ಅದಕ್ಕೆ ಬೆಲೆಯೇ ಇಲ್ಲ, ಟೆಸ್ಟ್ ಓಡಿಬಿಡುತ್ತದೆ. ಅಲ್ಲಿ ಡಿಸೇಬಲ್ಡ್ ಅಂತಲೇ ಹಾಕಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸ್ಲೋ ಬಿಟ್ಟು ಉಳಿದವು ಮಾತ್ರ ಓಡಲಿ ಅಂತ ಕಾನ್ಫಿಗ್ ಫೈಲ್‌ನ ಆಡ್‌ಆಪ್ಟ್ಸ್‌ನಲ್ಲೇ (ಪ್ರತಿ ಸಲ ತಾನಾಗೇ ಸೇರುವ ಆಪ್ಶನ್‌ಗಳು) ಬರೆದುಬಿಟ್ಟರೆ, ರಾತ್ರಿ ಬಿಲ್ಡ್‌ನಲ್ಲಿ ಸ್ಲೋ ಓಡಿಸುವುದು ಹೇಗೆ?

ಉತ್ತರ: ಕಮಾಂಡ್ ಲೈನ್‌ನಲ್ಲಿ ಮತ್ತೆ ಮೈನಸ್ ಎಂ (ಮಾರ್ಕ್ ನೋಡಿ ಟೆಸ್ಟ್ ಆರಿಸುವ ಆಪ್ಶನ್) ಸ್ಲೋ ಅಂತ ಕೊಡಿ, ಕೊನೆಗೆ ಕೊಟ್ಟಿದ್ದೇ ನಡೆಯುತ್ತದೆ. ಮಾರ್ಕ್‌ಗೆ ಒಂದು ಟೆಸ್ಟೂ ಸಿಗದಿದ್ದರೆ ಪೈಟೆಸ್ಟ್ ಎಕ್ಸಿಟ್ ಕೋಡ್ 5 ಕೊಡುತ್ತದೆ. ಸ್ಕ್ರಿಪ್ಟ್‌ನಲ್ಲಿ ಅದನ್ನು ನುಂಗಿಹಾಕಬೇಡಿ.