ಸಹಾಯ ಬೇಕು: ಮುಟ್ಟಿ ನೋಡಲು ಮಿದುಳಿನ ಮಾದರಿ

ಎಲ್ಲರಿಗೂ ನಮಸ್ಕಾರ. ಹುಟ್ಟಿನಿಂದಲೇ ಕಣ್ಣು ಕಾಣದ ನನ್ನ ಅಕ್ಕನ ಮಗಳು ಈಗ ಒಂಬತ್ತನೇ ತರಗತಿ. ತಲೆಯ ಹಿಂಭಾಗದಲ್ಲಿರುವ ದೃಷ್ಟಿಯ ಭಾಗ ತನ್ನಲ್ಲಿ ಸುಮ್ಮನೆ ಕುಳಿತಿದೆಯೇ ಎಂದು ಕೇಳುತ್ತಾಳೆ. ಖಂಡಿತ ಇಲ್ಲ! ಎಳವೆಯಿಂದಲೇ ಕಾಣದವರು ಬ್ರೈಲ್ ಓದುವಾಗ ಆ ಭಾಗವೂ ಚುರುಕಾಗುತ್ತದೆ ಎಂದು 1996ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಮರುವರ್ಷದ ಪ್ರಯೋಗದಲ್ಲಿ ಕಾಂತೀಯ ಮಿಡಿತದಿಂದ ಅದನ್ನು ಕ್ಷಣಕಾಲ ಕದಡಿದಾಗ ಓದುವವರ ಬೆರಳು ತಪ್ಪಿತು; ಅಂದರೆ ಆ ಭಾಗ ನಿಜವಾಗಿಯೂ ಓದಿನಲ್ಲಿ ದುಡಿಯುತ್ತಿದೆ.

ಬಾಯಲ್ಲಿ ಹೇಳಿದ್ದು ಅವಳಿಗೆ ಸಾಲದು, ಕೈಗೆ ಸಿಗಬೇಕು. ಬೆಂಗಳೂರಿನಲ್ಲಿ ಬಿಡಿಸಿ ಜೋಡಿಸಬಹುದಾದ ಮಿದುಳಿನ ಮಾದರಿ ಯಾರ ಬಳಿಯಾದರೂ ಇದೆಯೇ? ಒಂದು ಭಾನುವಾರಕ್ಕೆ ಎರವಲು ಕೊಟ್ಟರೆ ಸಾಕು. ನರವಿಜ್ಞಾನ ಓದುತ್ತಿರುವವರು ಜಯನಗರಕ್ಕೆ ಬಂದು ಕನ್ನಡದಲ್ಲಿ ವಿವರಿಸಿದರೆ ಇನ್ನೂ ಸಂತೋಷ. ಅವಳ ಪ್ರಶ್ನೆಗಳು ಬಹಳ, ದಯವಿಟ್ಟು ಬಿಡುವು ಮಾಡಿಕೊಂಡು ಬನ್ನಿ.