ಕನೂ ಪೋಲೊ: ಈಜುಕೊಳದ ದಡದಲ್ಲಿ ನಿಂತವಳು ಏನು ನೋಡಬೇಕು?

ದಡದ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ. ಈಗ ಇರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ. ಮಗಳಿಗೆ 13 ವರ್ಷ. ಒಂದು ವರ್ಷದಿಂದ ಕನೂ ಪೋಲೊ ಹುಚ್ಚು ಹಿಡಿದಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕಯಾಕ್ ಅನ್ನುವ, ಒಬ್ಬೊಬ್ಬರೇ ಕೂರುವ ಪುಟ್ಟ ದೋಣಿಗಳಲ್ಲಿ ಆಡುವ ಚೆಂಡಾಟ ಇದು. ಒಂದೊಂದು ಕಡೆಗೆ ಐದು ಜನ. ದೊಡ್ಡವರ ಪಂದ್ಯಕ್ಕೆ 35 ಮೀಟರ್ ಉದ್ದ, 23 ಮೀಟರ್ ಅಗಲದ ನೀರು ಬೇಕು. ಗೋಲು ನೀರಿನಿಂದ ಎರಡು ಮೀಟರ್ ಮೇಲೆ ನೇತಾಡುತ್ತಿರುತ್ತದೆ. ಚೆಂಡನ್ನು ಕೈಯಲ್ಲೂ ಎಸೆಯಬಹುದು, ದೋಣಿ ನಡೆಸುವ ಹುಟ್ಟಿನಿಂದಲೂ ಆಡಬಹುದು. ಚೆಂಡು ಹಿಡಿದವರನ್ನು ಎದುರಾಳಿ ಅಂಗೈಯಿಂದ ದಬ್ಬಿ ದೋಣಿ ಸಮೇತ ಮಗುಚಿಯೂ ಹಾಕಬಹುದು. ಅದು ಜಗಳ ಅಲ್ಲ, ಆಟ! ಮೊದಲ ಸಲ ನೋಡಿದಾಗ ನಾನು ಗ್ಯಾಲರಿಯಿಂದ "ಅಯ್ಯೋ ಮಗು" ಅಂತ ಕನ್ನಡದಲ್ಲೇ ಕೂಗಿದ್ದೆ. ಮಗಳು ಎರಡು ದಿನ ಮಾತಾಡಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಗುರುವಾರ ರಾತ್ರಿ ಎಂಟೂವರೆಗೆ ಮಕ್ಕಳ ಪ್ರಾಕ್ಟೀಸ್, ಈಜುಕೊಳದಲ್ಲಿ. ಅಲ್ಲಿ ಸೇಫ್ಟಿ ನೋಡಿಕೊಳ್ಳುತ್ತಿದ್ದವರು ಬೇರೆ ಊರಿಗೆ ಹೋದರು. ನಾನು ಪ್ರತಿ ವಾರ ಚಹಾ ಫ್ಲಾಸ್ಕ್ ಹಿಡಿದು ಹೋಗಿ ಕೂರುವವಳು. "ಹೇಗೂ ಬರ್ತೀರಲ್ಲ, ನೀವೇ ನೋಡ್ಕೊಳ್ಳಿ" ಅಂದರು. ಒಂದು ಸೀಟಿ, ಒಂದು ಹಳದಿ ಜಾಕೆಟ್, ನಾಲ್ಕು ಪುಟದ ಫಾರಂ ಕೈಗೆ ಬಂತು.

ಫಾರಂನಲ್ಲಿ ಎಲ್ಲವೂ ಇದೆ. ಜಾರುವ ನೆಲ, ಮಧ್ಯಮ ಅಪಾಯ, ಟಿಕ್. ಭಾರ ಎತ್ತುವುದು, ಟಿಕ್. ಮುಳುಗುವುದು, ಟಿಕ್. ಹತ್ತು ದೋಣಿ ಒಟ್ಟಿಗೆ ಗಿರಕಿ ಹೊಡೆಯುವಾಗ ನಾನು ಕಣ್ಣು ಎಲ್ಲಿಡಬೇಕು ಅನ್ನುವುದೊಂದೇ ಇಲ್ಲ.

ನನಗೆ ಈಜು ಬರುತ್ತದೆ. ಅಪ್ಪ ಬಾಳೆದಿಂಡು ಕೊಟ್ಟು ತುಂಗೆಗೆ ಇಳಿಸಿದ್ದರು. ಆದರೆ ಜನ್ಮದಲ್ಲಿ ಕಯಾಕ್‌ನಲ್ಲಿ ಕೂತಿಲ್ಲ. ನನ್ನ ಭಯವೆಲ್ಲ ಮಗುಚಿದ ದೋಣಿಯದ್ದೇ. ಯಾರಾದರೂ ಮಗುಚಿದರೆ ಒಂದು, ಎರಡು, ಮೂರು ಅಂತ ಎಣಿಸುತ್ತೇನೆ. ಐದಕ್ಕೆ ನನ್ನ ಉಸಿರೇ ಕಟ್ಟಿರುತ್ತದೆ. ಆ ಮಗು ಮೇಲೆ ಬಂದು ಮೂಗಿನ ನೀರು ಸೀಟಿಕೊಂಡು ನಗುತ್ತಿರುತ್ತದೆ.

ಮೂರು ವಾರದ ಹಿಂದೆ ಒಂದು ಘಟನೆ ಆಯಿತು. ಮಗಳ ಗೆಳತಿಯ ತಲೆಗೆ ದೋಣಿಯ ಮೂತಿ ತಾಗಿದೆ. ಹೆಲ್ಮೆಟ್ ಇತ್ತು. "ಐ ಆಮ್ ಫೈನ್" ಅಂದಳಂತೆ, ಆಟ ಮುಂದುವರಿಸಿದಳು. ಆಮೇಲೆ ಕಾರ್ ಪಾರ್ಕಿನಲ್ಲಿ ವಾಂತಿ ಮಾಡಿಕೊಂಡಳು. ಅವತ್ತೂ ನಾನು ಅಲ್ಲೇ ಕೂತಿದ್ದೆ. ಇನ್ನೊಂದು ತುದಿಯಲ್ಲಿ ಮಗುಚಿದ ದೋಣಿ ನೋಡುತ್ತಾ ಎಣಿಸುತ್ತಿದ್ದೆ. ಇವಳಿಗೆ ಪೆಟ್ಟಾದದ್ದು ನನಗೆ ಕಾಣಲೇ ಇಲ್ಲ.

ಆಡಿದವರು, ರೆಫ್ರಿ ಆದವರು ಯಾರಾದರೂ ಇದ್ದರೆ ಹೇಳಿ. ಗೂಗಲ್ ಮಾಡಿ ಅನ್ನಬೇಡಿ, ಅದು ಆಗಿದೆ.

ಪಣಂಬೂರು ಪೋಲೊ ಉತ್ತರ:

ಅಕ್ಕಾ, ಕನ್ನಡದಲ್ಲಿ ಈ ಆಟದ ಬಗ್ಗೆ ಯಾರಾದರೂ ಕೇಳುತ್ತಾರೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ನಾನು ಮಂಗಳೂರು ಕಡೆಯವನು. ಇಲ್ಲಿ ಯೂನಿವರ್ಸಿಟಿಗೆ ಬಂದಾಗ ಹತ್ತಿದ ಗೀಳು, ಒಂಬತ್ತು ವರ್ಷ ಆಯಿತು. ಈಗ ಹೆಗಲು ಸರಿ ಇಲ್ಲ, ಅದಕ್ಕೆ ಸೀಟಿ ಊದುತ್ತೇನೆ.

ಮೊದಲು ಆ ಎಣಿಕೆ ವಿಷಯ. ಈ ಆಟದಲ್ಲಿ ಮಗುಚುವುದು ಅಂದರೆ ಕಬಡ್ಡಿಯಲ್ಲಿ ನೆಲಕ್ಕೆ ಬಿದ್ದ ಹಾಗೆ. ರೋಲ್ ಅಂದರೆ ದೋಣಿಯಿಂದ ಇಳಿಯದೇ ಮತ್ತೆ ನೆಟ್ಟಗಾಗುವುದು. ಅದು ಬರುವ ಮಗು ಎರಡು ಮೂರು ಸೆಕೆಂಡಿಗೆ ಎದ್ದು ಕೂರುತ್ತದೆ. ರೋಲ್ ಬರದ ಮಗು ಸ್ಪ್ರೇ ಡೆಕ್ಕಿನ, ಅಂದರೆ ಸೊಂಟದ ಸುತ್ತ ದೋಣಿಯ ಬಾಯಿ ಮುಚ್ಚುವ ಹೊದಿಕೆಯ, ಮುಂದಿನ ಪಟ್ಟಿ ಎಳೆದು ಹೊರಗೆ ಬರಬೇಕು. ಅಲ್ಲೇ ಇರುವುದು ನಿಮ್ಮ ಕೆಲಸ. ಅವಸರದಲ್ಲಿ ಡೆಕ್ ಹಾಕುವಾಗ ಮಕ್ಕಳು ಆ ಪಟ್ಟಿಯನ್ನು ಒಳಗೆ ಸೇರಿಸಿಬಿಡುತ್ತಾರೆ. ಆಮೇಲೆ ತಲೆಕೆಳಗಾಗಿ, ಮೂಗಲ್ಲಿ ನೀರು ತುಂಬಿಕೊಂಡು ಹುಡುಕಿದರೆ ಸಿಗುತ್ತದಾ? ಆಟ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ಪಟ್ಟಿ ಮುಟ್ಟಿ ತೋರಿಸಬೇಕು. ನಿಮ್ಮ ಮಗಳೂ ಸೇರಿ. ಡೆಕ್ ಎಷ್ಟು ಬಿಗಿ ಇದೆ ಅಂತಲೂ ನೋಡಿ. ದೊಡ್ಡವರು ನೀರು ಸೋರದ ಹಾಗೆ ಗಟ್ಟಿ ಡೆಕ್ ಹಾಕುತ್ತಾರೆ. ಅದನ್ನೇ ಮಕ್ಕಳಿಗೆ ಎರವಲು ಕೊಡುತ್ತಾರೆ. ಒಂದೇ ಕೈಯಲ್ಲಿ ಎಳೆದು ಬಿಚ್ಚಲು ಆಗುತ್ತದಾ ಅಂತ ನೆಲದ ಮೇಲೇ ಮಾಡಿಸಿ ನೋಡಿ.

ಮಗುಚಿದ ದೋಣಿಯನ್ನು ಎಣಿಸಿ, ಬೇಡ ಅನ್ನುವುದಿಲ್ಲ. ಆದರೆ ಆ ದೋಣಿಗಿಂತ ಅದರ ಅಕ್ಕಪಕ್ಕ ನೋಡಿ. ಕೆಳಗೆ ಒಂದು ತಲೆ ಇದೆ. ಮೇಲೆ ಇನ್ನೊಂದು ದೋಣಿ ಏರಿ ಬರುತ್ತಿದೆಯಾ? ಹುಟ್ಟು ಬೀಸುತ್ತಿದ್ದಾರಾ? ನೀವು ಸೀಟಿ ಊದಬೇಕಾದದ್ದು ಆಗ.

ಇನ್ನು ಆ ಮೂತಿ. ಪೋಲೊ ಕಯಾಕ್ ಮೂರು ಮೀಟರಿಗಿಂತ ಉದ್ದ ಇರಬಾರದು, ಏಳು ಕೆಜಿಗಿಂತ ಹಗುರ ಇರಬಾರದು. ಅದರೊಳಗೆ ಮನುಷ್ಯ ಕೂತು ಓಡಿಸಿಕೊಂಡು ಬಂದರೆ ಅದು ಟಗರು. ಅದಕ್ಕೇ ಹಿಂದೆ ಮುಂದೆ ಫೋಮ್ ಮೆತ್ತೆ ಇರುವುದು. ಮೆತ್ತೆ ಕಿತ್ತು ಟೇಪ್ ಸುತ್ತಿದ ದೋಣಿಯನ್ನು ನೀರಿಗೆ ಬಿಡಬೇಡಿ, ಎಷ್ಟೇ ಗೋಗರೆದರೂ. ಎದುರಾಳಿಯ ದೋಣಿಗೆ ನೆಟ್ಟಗೆ ಅಡ್ಡಕ್ಕೆ, ಅಂದರೆ 80ರಿಂದ 100 ಡಿಗ್ರಿ ಕೋನದಲ್ಲಿ, ಜೋರಾಗಿ ಗುದ್ದುವುದು ಫೌಲ್. ಓರೆಯಾಗಿ ಬಂದು ತಳ್ಳಬೇಕು. ದೋಣಿ ಹೋಗಿ ಎದುರಾಳಿಯ ಮೈಗೋ ತಲೆಗೋ ಬಡಿದರೆ ಅದೂ ಫೌಲ್. ಪ್ರಾಕ್ಟೀಸಿನಲ್ಲಿ ರೆಫ್ರಿ ಇರುವುದಿಲ್ಲ, ಕಾರ್ಡ್ ಇರುವುದಿಲ್ಲ. ಹಾಗಾಗಿ ಕೆಟ್ಟ ಚಾಳಿ ಅಲ್ಲೇ ಬೆಳೆಯುವುದು. ನನ್ನ ಅನುಭವದಲ್ಲಿ ಪಂದ್ಯಕ್ಕಿಂತ ಪ್ರಾಕ್ಟೀಸಿನ ಕೊನೆಯ ಹತ್ತು ನಿಮಿಷ ಅಪಾಯ. ಸುಸ್ತಾಗಿರುತ್ತಾರೆ, ಸ್ಕೋರ್ ಸಮ ಇರುತ್ತದೆ, "ಲಾಸ್ಟ್ ಗೋಲ್ ವಿನ್ಸ್" ಅಂತ ಯಾರೋ ಕೂಗುತ್ತಾರೆ. ಅಲ್ಲಿಗೆ ಮುಗಿಯಿತು.

ಹುಟ್ಟಿನ ಮಾತು. ಎದುರಾಳಿ ಚೆಂಡಿಗೆ ಕೈ ಚಾಚಿದ್ದಾಗ, ಅವರ ಕೈಗೆಟುಕುವ ಜಾಗಕ್ಕೆ ಹುಟ್ಟು ಹಾಕಬಾರದು. ಬೆರಳು ಮುರಿಯುವುದು ಇಲ್ಲೇ. ಹುಟ್ಟಿನ ಅಂಚು ಕನಿಷ್ಠ 5 ಮಿಲಿಮೀಟರ್ ದಪ್ಪ ಇರಬೇಕು ಅಂತ ನಿಯಮ. ಅಳತೆಪಟ್ಟಿ ಬೇಡ, ಬೆರಳು ಸವರಿದರೆ ಗೊತ್ತಾಗುತ್ತದೆ. ಕಾರ್ಬನ್ ಹುಟ್ಟು ಸೀಳಿದ್ದರೆ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹೆಲ್ಮೆಟ್ಟಿಗೆ ಮುಖದ ಜಾಲರಿ ಇರಲೇಬೇಕು, ಗದ್ದದ ಪಟ್ಟಿ ಜೋತಾಡಬಾರದು.

ನಿಮ್ಮದು ಈಜುಕೊಳ ಆದ್ದರಿಂದ ಇನ್ನೊಂದು. ಗೋಡೆ. ಚೆಂಡಿನ ಹಿಂದೆ ಓಡಿ ಗೋಡೆಗೆ ಕೈ ಕೊಡುತ್ತಾರೆ, ಹಿಂದಿನಿಂದ ಇನ್ನೊಂದು ದೋಣಿ ಬರುತ್ತದೆ. ನಡುವೆ ಬೆರಳು. ಆಳ ಕಡಿಮೆ ಇರುವ ಕಡೆ ದಬ್ಬಾಟವೇ ಬೇಡ, ತಲೆ ನೆಲಕ್ಕೆ ತಾಗುತ್ತದೆ.

ಸುಮ್ನೆ ಒಬ್ಬ ಉತ್ತರ:

ಇಷ್ಟೆಲ್ಲ ಇದ್ದರೆ ಮಕ್ಕಳು ಆಡುವುದು ಯಾವಾಗ? ನಾವು ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋದವರು. ಹೆಲ್ಮೆಟ್ಟೂ ಇಲ್ಲ, ಫಾರಮ್ಮೂ ಇಲ್ಲ. ಏನೂ ಆಗಲಿಲ್ಲ.

ದಡದ ಅಮ್ಮ ಉತ್ತರ:

ನಮ್ಮ ಜೊತೆ ದಾಟುತ್ತಿದ್ದ ಒಬ್ಬ ಏಳನೇ ಕ್ಲಾಸಿಗೆ ಬರಲಿಲ್ಲ ಸರ್. ಅವನ ಚೀಲ ಒಂದು ವಾರ ಶಾಲೆಯ ಜಗಲಿಯಲ್ಲೇ ಇತ್ತು.

ಸುಮ್ನೆ ಒಬ್ಬ ಉತ್ತರ:

ಕ್ಷಮಿಸಿ ತಂಗಿ. ಸುಮ್ನೆ ಬಾಯಿಗೆ ಬಂದದ್ದು ಬರೆದೆ.

ನೈಟ್ ಡ್ಯೂಟಿ ಉತ್ತರ:

ನಾನು ಇಲ್ಲಿ ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್. ಈ ಆಟ ನೋಡಿಲ್ಲ. ಆದರೆ ಆ ಕಾರ್ ಪಾರ್ಕಿನ ವಾಂತಿ ಓದಿ ಸುಮ್ಮನಿರಲು ಆಗಲಿಲ್ಲ.

ತಲೆಗೆ ಪೆಟ್ಟಾದ ಮೇಲೆ ವಾಂತಿ ಆದರೆ ಕಾರು ಮನೆಗಲ್ಲ, ಆಸ್ಪತ್ರೆಗೆ ಹೋಗಬೇಕು. ತಲೆನೋವು ಏರುತ್ತಾ ಹೋದರೆ, ಎಬ್ಬಿಸಲು ಕಷ್ಟವಾದರೆ, ಮಾತು ತೊದಲಿದರೆ, ಕುತ್ತಿಗೆ ನೋವು ಜಾಸ್ತಿ ಇದ್ದರೆ, ಆಗಲೂ ಅಷ್ಟೇ. ಹೆಲ್ಮೆಟ್ ಇತ್ತಲ್ಲ ಅನ್ನಬೇಡಿ. ಹೆಲ್ಮೆಟ್ ಬುರುಡೆ ಕಾಯುತ್ತದೆ. ಒಳಗಿನ ಮಿದುಳು ಅಲುಗಾಡುವುದನ್ನು ತಡೆಯುವುದಿಲ್ಲ.

2023ರಲ್ಲಿ ಬ್ರಿಟನ್ನಿನಲ್ಲಿ ಸಣ್ಣಪುಟ್ಟ ಕ್ಲಬ್‌ಗಳ ಆಟಗಳಿಗೆಲ್ಲ ಸೇರಿ ಒಂದು ಮಾರ್ಗಸೂಚಿ ಬಂತು. ಅದರ ತಿರುಳು ಇಷ್ಟೇ: ಅನುಮಾನ ಬಂದರೆ ಕೂರಿಸಿ. ಅವತ್ತು ಮತ್ತೆ ಆಡಿಸಬಾರದು. ಮೊದಲ ಒಂದೆರಡು ದಿನ ವಿಶ್ರಾಂತಿ, ಫೋನು ಟಿವಿ ಕಡಿಮೆ. ತಲೆಗೆ ಪೆಟ್ಟಾಗಬಹುದಾದ ಪ್ರಾಕ್ಟೀಸಿಗೆ ಮರಳುವ ಮುಂಚೆ 14 ದಿನ ಯಾವ ತೊಂದರೆಯೂ ಕಾಣಿಸಿರಬಾರದು. ಪಂದ್ಯಕ್ಕೆ ಕನಿಷ್ಠ 21 ದಿನ ಬೇಡ.

"ಫೈನ್" ಅನ್ನುವುದನ್ನು ನಂಬಬೇಡಿ. ಆ ವಯಸ್ಸಿನಲ್ಲಿ ಕಾಲು ಮುರಿದಿದ್ದರೂ ಫೈನೇ. ಕೊನೆಯ ಗೋಲು ಯಾರು ಹೊಡೆದರು, ಹೋದ ವಾರ ಯಾರ ಜೊತೆ ಆಡಿದಿರಿ, ಇಂಥದ್ದು ಕೇಳಿ. ಮಗು ಯೋಚಿಸುತ್ತಾ ನಿಂತರೆ ದಡಕ್ಕೆ. ಸರಿಯಾಗಿ ಹೇಳಿದರೂ ಮುಖ ಸಪ್ಪಗಿದ್ದರೆ ಆಗಲೂ ದಡಕ್ಕೆ.

ಬೆರಳು ಸೊಟ್ಟಗಾದರೆ ಯಾರೂ ಎಳೆದು ಸರಿ ಮಾಡಬೇಡಿ. ನಮ್ಮ ಕಡೆ ಪ್ರತಿ ಊರಲ್ಲೂ ಒಬ್ಬ ಎಳೆಯುವವನು ಇರುತ್ತಾನೆ, ಇಂಗ್ಲಿಷರಲ್ಲೂ ಇದ್ದಾನೆ! ಮತ್ತೆ ಉಂಗುರ, ಬಳೆ, ಜೋತಾಡುವ ಓಲೆ, ಮಣಿಕಟ್ಟಿನ ಕಾಶಿದಾರ, ಎಲ್ಲ ತೆಗೆಸಿ. ಬೆರಳು ಊದಿದ ಮೇಲೆ ಉಂಗುರ ಬರುವುದಿಲ್ಲ. ನಾವು ಕತ್ತರಿಸಿ ತೆಗೆಯುತ್ತೇವೆ, ಅಜ್ಜಿ ಕೊಟ್ಟದ್ದು ಅಂತ ಅಳುತ್ತಾರೆ.

ದಡದ ಅಮ್ಮ ಉತ್ತರ:

ನೈಟ್ ಡ್ಯೂಟಿ ಅವರೇ, ಓದಿದ ಕೂಡಲೇ ಆ ಹುಡುಗಿಯ ಅಮ್ಮನಿಗೆ ಫೋನ್ ಮಾಡಿದೆ. ಅವತ್ತು ರಾತ್ರಿಯೇ ಆಸ್ಪತ್ರೆಗೆ ಹೋಗಿದ್ದರಂತೆ. ಈಗ ಹುಷಾರಾಗಿದ್ದಾಳೆ. ಆದರೆ ಮುಂದಿನ ಶನಿವಾರದ ಪಂದ್ಯಕ್ಕೆ ಅವಳ ಹೆಸರಿತ್ತು. ದಿನ ಎಣಿಸಿದರೆ ಪೂರ್ತಿ ಆಗುತ್ತದೆ, ಆದರೆ ಹೋದ ವಾರವೂ ಶಾಲೆಯಲ್ಲಿ ತಲೆನೋವು ಅಂದಿದ್ದಳಂತೆ. ಹೆಸರು ತೆಗೆಸಿದ್ದಾರೆ. ಅವಳೀಗ ನನ್ನ ಮೇಲೆ ಸಿಟ್ಟಾಗಿದ್ದಾಳೆ.

ಪಣಂಬೂರು ತಮ್ಮ, ಏಪ್ರಿಲ್‌ನಿಂದ ಕೆರೆಗೆ ಹೋಗುತ್ತಾರಂತೆ. ಅಲ್ಲಿ?

ಪಣಂಬೂರು ಪೋಲೊ ಉತ್ತರ:

ಅಲ್ಲಿ ಚಳಿ ಅಕ್ಕಾ. ಏಪ್ರಿಲ್‌ನಲ್ಲಿ ಬಿಸಿಲು ನೋಡಿ ಮೋಸ ಹೋಗಬೇಡಿ, ನೀರು ಇನ್ನೂ ಮಂಜಿನ ಹಾಗೇ ಇರುತ್ತದೆ. 15 ಡಿಗ್ರಿಗಿಂತ ಕೆಳಗಿನ ನೀರಿಗೆ ಒಮ್ಮೆಲೇ ಬಿದ್ದರೆ ಉಸಿರು ತಾನಾಗೇ ಎಳೆದುಕೊಳ್ಳುತ್ತದೆ, ಆಗ ತಲೆ ನೀರೊಳಗೆ ಇದ್ದರೆ ಕಷ್ಟ. ಕೊಳದಲ್ಲಿ ಸಲೀಸಾಗಿ ರೋಲ್ ಮಾಡುವ ಮಗು ಕೆರೆಯಲ್ಲಿ ಗಾಬರಿಯಾಗಿ ಮರೆತುಬಿಡುತ್ತದೆ. ಮೊದಲ ದಿನ ದಡದ ಹತ್ತಿರವೇ ಮಗುಚಿ ಅಭ್ಯಾಸ ಮಾಡಿಸಿ. ಸಬ್ ಆಗಿ, ಅಂದರೆ ಬದಲಿ ಆಟಗಾರರಾಗಿ, ಕಾಯುತ್ತಾ ಕೂತವರೇ ಮೊದಲು ನಡುಗುವುದು. ಅವರ ತುಟಿ ನೋಡಿ.

ಇನ್ನೊಂದು ನೀವು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ: ಇಲಿ ಜ್ವರ. ಗದ್ದೆ ಕೆಲಸದವರಿಗೆ ಬರುವುದೇ ಇಲ್ಲೂ ಕೆರೆ ನೀರಿನಿಂದ ಬರುತ್ತದೆ. ಇಲ್ಲಿ ವೀಲ್ಸ್ ಕಾಯಿಲೆ ಅನ್ನುತ್ತಾರೆ. ಗಾಯ ಇದ್ದರೆ ನೀರು ಹೋಗದ ಪ್ಲಾಸ್ಟರ್ ಹಾಕಿ. ಆಡಿದ ಮೇಲೆ ಸ್ನಾನ, ಅದಕ್ಕೆ ಮುಂಚೆ ತಿಂಡಿ ಮುಟ್ಟುವ ಹಾಗಿಲ್ಲ. ಒಂದೆರಡು ವಾರ ಬಿಟ್ಟು ಜ್ವರ, ಮೀನಖಂಡ ನೋವು ಬಂದರೆ ಡಾಕ್ಟರಿಗೆ "ಕೆರೆಯಲ್ಲಿ ಆಡಿದ್ದೆ" ಅಂತ ಬಾಯಿಬಿಟ್ಟು ಹೇಳಬೇಕು. ಅವರಾಗಿ ಕೇಳದೇ ಇರಬಹುದು.

ದಡದ ಅಮ್ಮ ಉತ್ತರ:

ನಿನ್ನೆ ಗುರುವಾರ. ಹೇಳಿದ ಹಾಗೇ ಮಾಡಿದೆ.

ಪಟ್ಟಿ ಮುಟ್ಟಿ ತೋರಿಸಿ ಅಂದಾಗ ದೊಡ್ಡ ಮಕ್ಕಳು ಕಣ್ಣು ಮೇಲೆ ಮಾಡಿದರು. ಹನ್ನೊಂದರಲ್ಲಿ ಎರಡು ಪಟ್ಟಿ ಒಳಗಿತ್ತು. ಆಮೇಲೆ ಯಾರೂ ಕಣ್ಣು ಮೇಲೆ ಮಾಡಲಿಲ್ಲ. ಮೂತಿಯ ಮೆತ್ತೆ ಕಿತ್ತ ಒಂದು ದೋಣಿಯನ್ನು ಪಕ್ಕಕ್ಕಿಟ್ಟೆ. ಬಳೆ ಉಂಗುರ ಹಾಕಲು ಮನೆಯಿಂದ ಹಳೇ ಉಪ್ಪಿನಕಾಯಿ ಜಾಡಿ ತಂದಿದ್ದೆ. ಎಷ್ಟು ತೊಳೆದರೂ ವಾಸನೆ ಹೋಗಿಲ್ಲ, ಒಬ್ಬ ಹುಡುಗ ತನ್ನ ಚೈನು ಮೂಸಿ ನೋಡುತ್ತಿದ್ದ.

ಕೊನೆಯ ಹತ್ತು ನಿಮಿಷ ನೀವು ಹೇಳಿದ್ದೇ ಆಯಿತು. ಸ್ಕೋರ್ ಸಮ. ಒಬ್ಬಳ ಮುಖದ ಜಾಲರಿಗೆ ಹುಟ್ಟು ಬಡಿಯಿತು. ಸೀಟಿ ಊದಿದೆ. ಕೊನೆಯ ಗೋಲು ಯಾರದ್ದು ಅಂತ ಕೇಳಿದೆ. "ನಂದು" ಅಂದಳು. ಅವಳದ್ದಲ್ಲ. ದಡಕ್ಕೆ ಕರೆದೆ. ಕೋಚ್ ಮುಖ ಗಂಟಿಕ್ಕಿದರು, ಅವಳ ಅಪ್ಪ ಗ್ಯಾಲರಿಯಿಂದ ಎದ್ದು ಬಂದರು. ನನ್ನ ಕೈ ನಡುಗುತ್ತಿತ್ತು, ಆದರೆ ಬಿಡಲಿಲ್ಲ.

ಒಂದು ಅನುಮಾನ ಉಳಿಯಿತು. ನಾನು ಅವಳ ಹತ್ತಿರ ಬಗ್ಗಿ ಕೂತು ಮಾತಾಡುತ್ತಿದ್ದ ಐದು ನಿಮಿಷ ನೀರಿನ ಕಡೆ ಬೆನ್ನು ಮಾಡಿದ್ದೆ. ಆಟ ನಡೆಯುತ್ತಲೇ ಇತ್ತು.

ಪಣಂಬೂರು ಪೋಲೊ ಉತ್ತರ:

ಕರೆದದ್ದು ಸರಿ ಅಕ್ಕಾ. ಬೆನ್ನು ಮಾಡಿದ್ದು ತಪ್ಪು. ನೀವು ಒಬ್ಬರೇ ಇದ್ದರೆ ಮೊದಲು ಎಲ್ಲ ದೋಣಿಗಳೂ ಗೋಡೆಗೆ ಬರಬೇಕು, ಎಲ್ಲರೂ ಅಂಚು ಹಿಡಿದು ನಿಲ್ಲಬೇಕು. ಆಮೇಲೆ ಮಗುವಿನ ಕಡೆ ತಿರುಗಿ. ಪೆಟ್ಟಾದವಳನ್ನು ನೋಡಲು ಇನ್ನೊಬ್ಬರು ಇದ್ದರೆ ಮಾತ್ರ ಆಟ ನಡೆಯಲಿ. ಆ ಎದ್ದು ಬಂದ ಅಪ್ಪನನ್ನೇ ಕೇಳಿ ನೋಡಿ, ಹೇಗೂ ಪ್ರತಿ ವಾರ ಬರುತ್ತಾರಲ್ಲ.

ದಡದ ಅಮ್ಮ ಉತ್ತರ:

ಕೇಳಿದೆ. ಹಳದಿ ಜಾಕೆಟ್ ಇನ್ನೊಂದು ಇದೆಯಾ ಅಂದರು.